ಮುಚ್ಚಳದ ಕಾವಲು

ಅವರನ್ನು ನಾನು ಮೊದಲು ನೋಡಿದ್ದು ನಗರಸಭೆಯ ಕಾಮಗಾರಿ ವಿಭಾಗದಲ್ಲಿ, ನಾನು ಗುಮಾಸ್ತನಾಗಿ ಸೇರಿದ ಮೊದಲ ವಾರ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಿಮ್ಮಡಿ ಸವೆದ ಬೂಟು. ಕೂರುವ ಮುನ್ನ ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿದರು. ಆಮೇಲೆ ಬಲಗೈಯನ್ನು ನನ್ನ ಮೇಜಿನ ಮೇಲೆ ಅಂಗಾತ ಇಟ್ಟರು. ಕಿರುಬೆರಳೂ ಉಂಗುರದ ಬೆರಳೂ ಬುಡದಿಂದಲೇ ಇರಲಿಲ್ಲ.

"ವೃತ್ತದಲ್ಲಿ ಯುದ್ಧದ ಹಳೇ ಟ್ಯಾಂಕ್ ನಿಲ್ಲಿಸಿದ್ದೀರಲ್ಲ, ಅದರ ಮೇಲಿನ ಮುಚ್ಚಳದ ಕೊಂಡಿ ಮುರಿದಿದೆ. ಮಕ್ಕಳು ಹತ್ತುತ್ವೆ. ವೆಲ್ಡಿಂಗ್ ಮಾಡ್ಸಿ ಮುಚ್ಚಿಬಿಡಿ."

ಇಡೀ ಕಚೇರಿ ತಿರುಗಿ ನೋಡುವಷ್ಟು ದೊಡ್ಡ ದನಿ. ನಾನು ಏನೋ ಉತ್ತರಿಸಿದೆ, ಅವರಿಗೆ ಕೇಳಿಸಲಿಲ್ಲ. ಹಿಂದೆ ನಿಂತಿದ್ದ ಅವರ ಹೆಂಡತಿ, "ಬಲಗಿವಿಗೆ ಹೇಳಪ್ಪ. ಎಡಗಿವಿ ಸೈನ್ಯಕ್ಕೆ ಕೊಟ್ಟಾಯ್ತು" ಎಂದರು.

ನಾನು ಬಲಕ್ಕೆ ಬಂದು, ಆ ಕೈ ನೋಡುತ್ತ, "ಯುದ್ಧದಲ್ಲಾ ಸಾರ್?" ಎಂದೆ.

"ಅಲ್ಲಪ್ಪ. ಮುಚ್ಚಳದಲ್ಲಿ."

ಅವರು ಹದಿನೆಂಟನೇ ವಯಸ್ಸಿಗೆ ಸೈನ್ಯ ಸೇರಿದವರು. ಮೊದಲು ಟ್ಯಾಂಕಿನೊಳಗೆ ಗುಂಡು ತುಂಬುವ ಕೆಲಸ, ಆಮೇಲೆ ಗುರಿ ಹಿಡಿಯುವ ಕೆಲಸ, ಕೊನೆಗೆ ಕಮಾಂಡರ್. ಬೇಸಗೆಯಲ್ಲಿ ಒಳಗೆ ಕೂತರೆ ಕಾದ ಕಾವಲಿಯ ಮೇಲೆ ಕೂತಂತೆ ಎನ್ನುತ್ತಾರೆ. ಯುದ್ಧದ ವರ್ಷ ಅವರ ಜೊತೆಗಿದ್ದ ಎರಡು ಟ್ಯಾಂಕುಗಳು ಹೊಳೆಯ ಮರಳಿನಲ್ಲಿ ಹೂತುಹೋದವು. ಸುತ್ತ ಹೊಗೆ, ಮೇಲಿಂದ ಗುಂಡು. ಇವರು ಮುಚ್ಚಳ ತೆರೆದು ಎದೆಯವರೆಗೆ ಹೊರಗೆ ನಿಂತು, ದಾರಿ ಹೇಳುತ್ತ, ಸರಪಳಿ ಕಟ್ಟಿಸಿ ಎರಡನ್ನೂ ಎಳೆಸಿದರು. ಒಳಗಿದ್ದವರೆಲ್ಲ ಬದುಕಿದರು; ಇವರ ಎಡಗಿವಿ ಹೋಯಿತು. ಅದಕ್ಕೇ ಪದಕ. "ಮುಚ್ಕೊಂಡಿದ್ರೆ ಏನೂ ಕಾಣ್ತಿರ್ಲಿಲ್ಲ, ಅದಕ್ಕೆ ನಿಂತೆ" ಎಂದಷ್ಟೇ ಹೇಳುತ್ತಾರೆ.

ಬೆರಳು ಹೋದದ್ದು ಮರುವರ್ಷ, ಶೆಡ್ಡಿನಲ್ಲಿ, ಟ್ಯಾಂಕ್ ತೊಳೆಯುವ ದಿನ. ಮುಚ್ಚಳ ತೆರೆದರೆ ಮೊದಲು ಅದು ಬೀಳದಂತೆ ಕೊಂಡಿ ಹಾಕಬೇಕು ಎಂದು ಹೊಸಬರಿಗೆ ದಿನವೂ ಗದರುತ್ತಿದ್ದವರು ಅಂದು ತಾವೇ ಮರೆತರು. ಯಾರೋ ಟೀಗೆ ಕರೆದರು, ಇವರು ತಿರುಗಿದರು, ನೆಟ್ಟಗೆ ನಿಂತಿದ್ದ ಮುಚ್ಚಳ ಕೈಮೇಲೆ ಬಿತ್ತು.

"ಊರಿಗೆಲ್ಲ ಬುದ್ಧಿ ಹೇಳೋ ಬಾಯಿ, ಪಕ್ಕದಲ್ಲೇ ಇದ್ದ ಕೈಗೆ ಹೇಳ್ಲಿಲ್ಲ ನೋಡು."

ಇದನ್ನು ಅವರು ಮುಚ್ಚಿಟ್ಟವರಲ್ಲ. ಆದರೆ ಕೇಳುವವರಿಗೆ ಬೇಕಿರಲಿಲ್ಲ. ಒಂದು ಶಾಲೆಯಲ್ಲಿ ಹೀಗೇ ಹೇಳಿದಾಗ ಹೆಡ್‌ಮಾಸ್ಟರು ಮೈಕ್ ಹಿಡಿದು, "ನೋಡಿ ಮಕ್ಕಳೇ, ಎಂಥ ವಿನಯ!" ಎಂದರಂತೆ.

ಅಂದು ಕಚೇರಿಯಲ್ಲಿ ನಮ್ಮ ಇಂಜಿನಿಯರು ಅವರನ್ನು ತಮ್ಮ ಕೋಣೆಯೊಳಗೆ ಕೂರಿಸಿದರು. "ಅದು ಸೈನ್ಯದ ಆಸ್ತಿ ಸಾರ್, ನಾವು ಬೆಂಕಿ ತಾಗಿಸೋ ಹಾಗಿಲ್ಲ. ಮೇಲಕ್ಕೆ ಬರೆದಿದ್ದೀವಿ."

"ಬರೆದು?"

"ಮೇಲಿದೆ ಸಾರ್."

"ಹಗ್ಗನಾದ್ರೂ ಕಟ್ಟಿ."

"ಕಟ್ಟಿದ್ವಿ, ಸಂಜೆಗೆ ಹಗ್ಗಾನೇ ಇಲ್ಲ. ಅದಿರಲಿ, ನೀವು ನಮ್ಮ ಹೆಮ್ಮೆ. ಟ್ಯಾಂಕಿನ ಉದ್ಘಾಟನೆಗೆ ನೀವೇ ಮಾತಾಡ್ಬೇಕು."

ಅವರು ಒಪ್ಪಿದರು. ಮನೆಗೆ ಹೋಗುವಾಗ ಮೆಟ್ಟಿಲಲ್ಲಿ ಎರಡು ಕಡೆ ನಿಂತು ಸುಧಾರಿಸಿಕೊಂಡರು.

ಉದ್ಘಾಟನೆಯ ದಿನ ಅವರು ಭಾಷಣ ಮಾಡಲಿಲ್ಲ. ಮಂಡಿ ಹಿಡಿದುಕೊಂಡು ನಿಧಾನವಾಗಿ ಟ್ಯಾಂಕ್ ಹತ್ತಿ, ನನ್ನನ್ನೂ ಕರೆದರು. ಇಬ್ಬರೂ ಸೇರಿ ಮುಚ್ಚಳ ಎತ್ತಿ ನಿಲ್ಲಿಸಿದೆವು. ವೇದಿಕೆ ಕಟ್ಟಿ ಉಳಿದಿದ್ದ ಮರದ ಪಟ್ಟಿಯೊಂದನ್ನು ಬಾಯಿಯ ಅಂಚಿನ ಮೇಲಿಟ್ಟು, ನಿಂತ ಮುಚ್ಚಳವನ್ನು ಕಾಲಿನಿಂದ ಒಮ್ಮೆ ಜೋರಾಗಿ ಒದ್ದರು. ಮುಚ್ಚಳ ಬಿತ್ತು. ಪಟ್ಟಿ ಎರಡು ತುಂಡಾಗಿ ಒಂದು ಚೂರು ಇಂಜಿನಿಯರ್ ಕಾಲ ಬಳಿಗೆ ಹಾರಿತು.

"ಇದು ನಿಮ್ಮ ಬೆರಳು," ಎಂದು ಅವರು ಬಲಗೈ ಎತ್ತಿ ತೋರಿಸಿದರು.

ಚಪ್ಪಾಳೆಯೋ ಚಪ್ಪಾಳೆ. ಮಕ್ಕಳಂತೂ ಸಿಳ್ಳೆ ಹಾಕಿ, "ಇನ್ನೊಂದ್ಸಲ ತಾತ, ಇನ್ನೊಂದ್ಸಲ!" ಎಂದು ಕೂಗಿದವು. "ಐಟಂ ಚೆನ್ನಾಗಿತ್ತು ಸಾರ್," ಎಂದು ಇಂಜಿನಿಯರ್ ಕೈಕುಲುಕಿದರು.

ಮರುದಿನ ಸಂಜೆ ನಾನು ಆ ದಾರಿಯಲ್ಲಿ ಬಂದಾಗ ಟ್ಯಾಂಕಿನ ಸುತ್ತ ಕಡ್ಡಿಗಳು, ಮುರಿದ ಸ್ಕೇಲುಗಳು ಬಿದ್ದಿದ್ದವು. ಮೇಲೆ ಮೂರು ಮಕ್ಕಳು ಉಸಿರು ಬಿಗಿಹಿಡಿದು ಮುಚ್ಚಳ ಎತ್ತುತ್ತಿದ್ದವು. ಒಬ್ಬ ಹುಡುಗಿ ಅಂಚಿನ ಮೇಲೆ ಪೆನ್ಸಿಲ್ ಇಡುತ್ತಿದ್ದಳು. ನಾನು ಕೂಗುವುದಕ್ಕೆ ಮೊದಲೇ ಆ ದೊಡ್ಡ ದನಿ ಕೇಳಿಸಿತು. ಮಕ್ಕಳು ದಡದಡ ಇಳಿದು ಓಡಿದವು. ಅವರು ಕಟ್ಟೆಗೆ ಒರಗಿ ಏದುಸಿರು ಬಿಡುತ್ತಿದ್ದರು.

ಹಿಂದಿನಿಂದ ಬಂದ ಹೆಂಡತಿ ಕೆಳಗಿದ್ದ ಕಡ್ಡಿಗಳನ್ನು ಕಾಲಿನಿಂದ ಸರಿಸಿದರು. "ಆಟ ಕಲಿಸಿದೋರು ನೀವು. ಕಾಯೋರೂ ನೀವೇ."

"ಹೂಂ ಕಣೇ," ಎಂದರು ಅವರು. "ನಿವೃತ್ತಿ ಅಂದಿದ್ರು. ಸುಳ್ಳು."

ಮೇಲಿಂದ ಉತ್ತರ ಇನ್ನೂ ಬಂದಿಲ್ಲ. ಶಾಲೆ ಬಿಡುವ ಹೊತ್ತಿಗೆ ಅವರು ಒಂದು ದಿಂಬು ಹಿಡಿದು ವೃತ್ತಕ್ಕೆ ಹೋಗುತ್ತಾರೆ. ಟ್ಯಾಂಕ್ ಹತ್ತಿ, ಮುಚ್ಚಳದ ಮೇಲೆ ದಿಂಬು ಹಾಕಿ, ಅದರ ಮೇಲೆ ಕತ್ತಲಾಗುವವರೆಗೆ ಕೂರುತ್ತಾರೆ. ರಜೆಯಿದ್ದರೆ ಬೆಳಗ್ಗೆಯಿಂದಲೇ.