ಹಾಜರಿಯಲ್ಲಿ ಇಲ್ಲದ ಹೆಸರು

ಹಾಜರಿ ಕೂಗುವಾಗ ಯಾರಾದರೂ ‘ಹಾಜರ್ ರೀ’ ಅಂದರೆ ನಮ್ಮ ಅಕ್ಕೋರಿಗೆ ಸಿಟ್ಟು ಬರುತ್ತಿತ್ತು. “ಹಾಜರ್ ಇದ್ದದ್ದು ನನ್ನ ಕಣ್ಣಿಗೆ ಕಾಣ್ತೈತಿ. ನಿನ್ನ ಸಾಲು ಹೇಳು,” ಅನ್ನುತ್ತಿದ್ದರು. ಯಮಕನಮರಡಿಯ ಆ ಶಾಲೆಯ ನಾಲ್ಕನೆಯ ತರಗತಿಯಲ್ಲಿ ನಮಗೆಲ್ಲ ತಲೆಗೊಂದು ಸಾಲಿತ್ತು. ಹೆಸರು ಕೂಗಿದಂತೆ ಒಬ್ಬೊಬ್ಬರೂ ಎದ್ದು ತಮ್ಮ ಸಾಲು ಹೇಳುತ್ತ ಹೋದರೆ, ಹಾಜರಿ ಮುಗಿಯುವುದರೊಳಗೆ ಒಂದು ಇಡೀ ಪದ್ಯ ಆಗಿರುತ್ತಿತ್ತು.

ಅದು ಪುಸ್ತಕದ ಪದ್ಯವಲ್ಲ. ಇತಿಹಾಸದ ಪಾಠಕ್ಕೆಂದು ಅಕ್ಕೋರು, “ನಿಮ್ಮ ಮನ್ಯಾಗ ಎಲ್ಲಾಕ್ಕಿಂತ ಹಳೇದು ಏನೈತಿ, ಅದನ್ನ ತರ್ರಿ,” ಅಂದಿದ್ದರಂತೆ. ತಂದದ್ದನ್ನು ಕಣ್ಣು ಮುಚ್ಚಿ ಮುಟ್ಟಬೇಕು. ಅದು ಯಾರ ಕೈಯಿಂದ ಯಾರ ಕೈಗೆ ಬಂತೆಂದು ಮನೆಯವರನ್ನು ಕೇಳಿಕೊಂಡು ಬಂದು ಹೇಳಬೇಕು. ಆಮೇಲೆ ಅದರ ಮೇಲೆ ಒಂದೇ ಒಂದು ಸಾಲು ಕಟ್ಟಬೇಕು. ಕುರಿ ಕಾಯುವವರ ಮನೆಯ ಹಾಲಪ್ಪ ತನ್ನ ಮುತ್ಯಾನ ಕಂಬಳಿ ತಂದು, ‘ಕಂಬಳಿ ಮೂಸಿದರ ಮಳಿ ಬರತೈತಿ’ ಎಂದು ಕಟ್ಟಿದ್ದ. ಮಲ್ಲಪ್ಪನೆಂಬ ಪುಣ್ಯಾತ್ಮ ಮಾತ್ರ ತನ್ನ ಆಯಿಯನ್ನೇ ಕೈಹಿಡಿದು ಕರೆತಂದಿದ್ದನಂತೆ. “ನಮ್ಮ ಮನ್ಯಾಗ ಹಳೇದು ಅಂದ್ರ ಇದೊಂದ ರೀ ಅಕ್ಕೋರ!”

“ಏ ಖೋಡಿ, ನಾ ಏನ್ ಗಡಗಿ ಅದೀನೇನೊ?” ಎಂದು ಆ ಅಜ್ಜಿ ಮೊಮ್ಮಗನ ಕಿವಿ ಹಿಂಡಿದಳು. ಅಕ್ಕೋರು ನಗಲಿಲ್ಲ. ತಮ್ಮ ಕುರ್ಚಿಯಲ್ಲಿ ಅಜ್ಜಿಯನ್ನು ಕೂಡಿಸಿ, “ಬರ್ರಿ, ಆಯಿ ತೋಳು ಮುಟ್ಟಿ ನೋಡ್ರಿ. ಈ ಹಚ್ಚಿ ಯಾವಾಗ ಹಾಕ್ಸಿದ್ದು, ಯಾಕ ಹಾಕ್ಸಿದ್ದು, ಕೇಳ್ರಿ,” ಅಂದರು. ‘ಆಯಿ ತೋಳಿನ ಹಸರ ಬಳ್ಳಿ ಇನ್ನೂ ಒಣಗಿಲ್ಲ’ ಎಂಬ ಮಲ್ಲಪ್ಪನ ಸಾಲು ಹುಟ್ಟಿದ್ದು ಹಾಗೆ.

ಇದೆಲ್ಲ ಆಗಿಹೋದ ಮೇಲೆ ನಾನು ಬಂದೆ. ಮೂಡಲಗಿಯಲ್ಲಿ ಅವ್ವ ತೀರಿಕೊಂಡಳು. ನಡುವರ್ಷದಲ್ಲಿ ಸೋದರಮಾವ ನನ್ನನ್ನು ತನ್ನೂರಿನ ಶಾಲೆಗೆ ತಂದು ಸೇರಿಸಿದ. ಅಕ್ಕೋರು “ಕಸ್ತೂರಿ” ಎಂದು ಕೂಗಿದರೆ ನಾನು ಎದ್ದು ಸುಮ್ಮನೆ ನಿಲ್ಲುತ್ತಿದ್ದೆ. ಹಾಜರ್ ಅನ್ನುವಂತಿಲ್ಲ, ಸಾಲಂತೂ ಇಲ್ಲ. ಎಲ್ಲರ ನಡುವೆ ನಿಂತೂ ನಾನೊಬ್ಬಳೇ ಗೈರುಹಾಜರು. ಅವ್ವನ ಮಣ್ಣಿನ ದಿನವೂ ಅಷ್ಟು ಒಬ್ಬಂಟಿ ಅನಿಸಿರಲಿಲ್ಲ.

ಒಂದು ಸಂಜೆ ಅಕ್ಕೋರು ನನ್ನನ್ನು ನಿಲ್ಲಿಸಿಕೊಂಡರು. “ಏನೂ ತಂದಿಲ್ಲೇನವಾ?”

“ಮೂಡಲಗ್ಯಾಗ ನಮ್ಮನಿಗೆ ಕೀಲಿ ಹಾಕ್ಯಾರ್ರಿ. ಕೈಯಾಗ ಏನೂ ಇಲ್ಲ.”

“ಕೈಯಾದ್ರೂ ಐತಿಲ್ಲ? ಅದನ್ನ ಮುಟ್ಟಿ ನೋಡು.”

ಕಣ್ಣು ಮುಚ್ಚಿ ಎಡಗೈಯಿಂದ ಬಲಗೈ ಹಿಡಿದುಕೊಂಡೆ. ಸಂತೆಯ ಗದ್ದಲದಲ್ಲಿ ಕೈ ಬಿಡಿಸಿಕೊಂಡೇನೆಂದು ಅವ್ವ ಮಣಿಕಟ್ಟನ್ನೇ ಬಿಗಿಹಿಡಿಯುತ್ತಿದ್ದದ್ದು ನೆನಪಾಗಿ ಅಳು ಒತ್ತರಿಸಿ ಬಂತು. ಅಕ್ಕೋರು ಸುಮ್ಮನಿರು ಅನ್ನಲಿಲ್ಲ, ಕಣ್ಣೊರೆಸಲಿಲ್ಲ. ಮರುದಿನ ಹೆಸರು ಕೂಗಿದಾಗ ಹೇಳಿದೆ: “ಇದು ನಮ್ಮವ್ವ ಹಿಡದ ಕೈ.” ಅವರು ತಲೆ ಎತ್ತದೆ ಮುಂದಿನ ಹೆಸರು ಕೂಗಿದರು. ಎಲ್ಲರಿಗೂ ಮಾಡುವಂತೆಯೇ ನನಗೂ ಮಾಡಿದರಲ್ಲ, ಅದೇ ನನಗೆ ದೊಡ್ಡದಾಗಿತ್ತು.

ಅವರದೊಂದು ಕಟ್ಟುನಿಟ್ಟು ಇತ್ತು. ಒಬ್ಬರ ಸಾಲನ್ನು ಇನ್ನೊಬ್ಬರು ಹೇಳಕೂಡದು. ದೀಪಾವಳಿ ಕಳೆದು ಹಾಲಪ್ಪ ಕುರಿಗಳ ಹಿಂದೆ ಹೋದರೆ, ಅವನ ಹೆಸರು ಕೂಗಿ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತಿದ್ದರು. “ನಾ ಹೇಳ್ಲ್ಯಾ ರೀ?” ಎಂದು ಯಾರಾದರೂ ಬಾಯಿ ಹಾಕಿದರೆ, “ಅಂವ ಇಲ್ಲ ಅನ್ನೂದು ಕೇಳಸ್ಲಿ,” ಅನ್ನುತ್ತಿದ್ದರು. “ಪಾಠ ಮುಗಸ್ರಿ ಮೊದಲ,” ಎಂದು ಹೆಡ್ ಮಾಸ್ತರರು ಬಾಗಿಲಲ್ಲಿ ಗೊಣಗಿದರೂ ಆ ಉಸಿರು ಗಿಡ್ಡವಾಗಲಿಲ್ಲ.

ಅಕ್ಕೋರ ಹಿಂದೆ ಮುಂದೆ ಯಾರೂ ಇದ್ದಂತೆ ಕಾಣಲಿಲ್ಲ. ಶನಿವಾರ ಗಂಟೆ ಹೊಡೆದೊಡನೆ ನಾವು ಓಟ ಕಿತ್ತರೆ ಅವರು ಖಾಲಿ ತರಗತಿಯಲ್ಲಿ ಬುತ್ತಿ ಬಿಚ್ಚುತ್ತಿದ್ದರು. “ಅಕ್ಕೋರ, ನಿಮ್ಮ ಸಾಲು ಯಾವ್ದ್ರಿ?” ಎಂದು ಒಮ್ಮೆ ಮಲ್ಲಪ್ಪ ಕೇಳಿದ. “ಹಾಜರ್ಯಾಗ ನನ್ನ ಹೆಸರ ಇಲ್ಲಲ್ಲೊ. ನನ್ನ ಕೂಗಾವ್ರು ಯಾರದಾರ?” ಅಂದರು. ಚೇಷ್ಟೆಯ ಮಾತೆಂದು ನಾವೆಲ್ಲ ಹೋ ಎಂದು ನಕ್ಕೆವು.

ಎಷ್ಟೋ ವರ್ಷಗಳ ಮೇಲೆ, ಹೋದ ಬೇಸಿಗೆಯಲ್ಲಿ ಅವರನ್ನು ಕಂಡೆ. ನಿವೃತ್ತರಾಗಿ ಸಂಕೇಶ್ವರದಲ್ಲಿ ಒಂದೇ ಖೋಲಿಯ ಬಾಡಿಗೆ ಮನೆಯಲ್ಲಿದ್ದರು. ಹಾಸಿಗೆ ಬಿಟ್ಟು ಏಳುವುದು ಕಷ್ಟವಾಗಿತ್ತು. ನಾನು ಈಗ ಕೌಜಲಗಿಯ ಶಾಲೆಯಲ್ಲಿ ಅಕ್ಕೋರು ಅಂದಾಗ ಮುಖ ಅರಳಿತು. “ಹಾಲಪ್ಪ ಬಂದನೇನ?” ಎಂದು ಕೇಳಿದರು. ಅವರ ಬಾಯಲ್ಲಿ ಆ ಹೆಸರು ಕೇಳಿ ನನಗೆ ಥಟ್ಟನೆ ಹೊಳೆಯಿತು, ಇವರ ಹೆಸರೇ ನನಗೆ ಗೊತ್ತಿಲ್ಲವಲ್ಲ!

“ಅಕ್ಕೋರ, ನಿಮ್ಮ ಹೆಸರು ಏನ್ರಿ?”

“ಶಿವಲೀಲಾ,” ಎಂದು ನಕ್ಕರು. “ನಮ್ಮವ್ವ ಹೋದ ಮ್ಯಾಲ ಯಾರೂ ಕೂಗಿಲ್ಲ ನೋಡು.”

ನಾನು ಎದ್ದು ನಿಂತೆ. ಹಾಜರಿ ಕೂಗುವ ದನಿಯಲ್ಲೇ, “ಶಿವಲೀಲಾ,” ಅಂದೆ. ಅವರು ಕಣ್ಣು ಮುಚ್ಚಿದರು. ಎಡಗೈ ಬಲಗೈಯನ್ನು ಹುಡುಕಿ ಹಿಡಿಯಿತು. ಹಾಗೇ ಹಿಡಿದುಕೊಂಡು ಅಂದರು: “ಎಲ್ಲಾರ್ನೂ ಕೂಗೀನಿ, ನಾ ಇಲ್ಲೇ ಅದೀನಿ.”

ಮಳೆಗಾಲ ಹಿಡಿಯುವಷ್ಟರಲ್ಲಿ ಅವರು ಹೋದ ಸುದ್ದಿ ಬಂತು.

ಈಗ ನನ್ನ ತರಗತಿಯಲ್ಲೂ ಮಕ್ಕಳಿಗೆ ತಲೆಗೊಂದು ಸಾಲಿದೆ. ಎಲ್ಲರದೂ ಮುಗಿದ ಮೇಲೆ ನಾನು ಇನ್ನೊಂದು ಹೆಸರು ಕೂಗುತ್ತೇನೆ. ಮೊನ್ನೆ ಮುಂದೆಯೇ ಕೂತಿದ್ದ ಹುಡುಗಿಯೊಬ್ಬಳು ತಡೆಯಲಾರದೆ ಕೇಳಿಯೇಬಿಟ್ಟಳು: “ಶಿವಲೀಲಾ ಅಂದ್ರ ಯಾರ್ರಿ ಅಕ್ಕೋರ? ದಿನಾ ಗೈರು ಇರ್ತಾಳಲ್ರಿ. ಆಕಿ ಸಾಲು ಯಾವ್ದ್ರಿ?”

ಸಾಲು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಒಬ್ಬರ ಸಾಲನ್ನು ಇನ್ನೊಬ್ಬರು ಹೇಳಕೂಡದು.

“ತಡಿಯವಾ,” ಅಂದೆ, “ಒಂದು ಉಸರು ಸುಮ್ನಿರು.”