ಮೇಜಿನ ಕೆಳಗಿನವಳು

ಇಂಥ ವಿಷಯಗಳನ್ನು ನಂಬುವವನು ನಾನಲ್ಲ. ಸತ್ತವರು ಕಾಣಿಸಿಕೊಂಡ ಕತೆಯನ್ನು ಯಾರಾದರೂ ಹೇಳಿದರೆ, "ಅವರ ಹತ್ತಿರ ಲೋಕಲ್ ರೈಲಿನ ಪಾಸ್ ಇತ್ತಾ?" ಎಂದು ಕೇಳಿ ಬೈಸಿಕೊಂಡವನು. ಈಗ ನಾನೇ ಒಂದು ಕತೆ ಹೇಳಲು ಹೊರಟಿದ್ದೇನೆ. ನೀವು ನಂಬಬೇಕೆಂದು ಒತ್ತಾಯವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಜೋಗೇಶ್ವರಿಯ ಒಂದು ಗಾಲಾದಲ್ಲಿ, ಅಂದರೆ ಸಣ್ಣ ಕಾರ್ಖಾನೆಯ ಮಳಿಗೆಯಲ್ಲಿ, ನನ್ನ ಕೆಲಸ. ಹಳೆಯ ರಾಜಕೀಯ ವ್ಯಂಗ್ಯಚಿತ್ರಗಳನ್ನು ದೊಡ್ಡದಾಗಿ ಅಚ್ಚು ಹಾಕಿ, ಫ್ರೇಮ್ ಕಟ್ಟಿ, ಇಂಟರ್ನೆಟ್ಟಿನಲ್ಲಿ ಮಾರುತ್ತೇವೆ. ಕಿರೀಟದ ಸಿಂಹ, ಟೊಪ್ಪಿಯ ಕರಡಿ, ಗರಿ ಬಿಚ್ಚಿದ ಹದ್ದು. ಇವೆಲ್ಲ ಒಂದು ಕಾಲದ ದೊಡ್ಡ ದೊಡ್ಡ ಸಾಮ್ರಾಜ್ಯಗಳು. ಅವುಗಳ ಜಗಳಕ್ಕೆ ಆಗ ಎಷ್ಟು ಜನ ಸತ್ತರೋ, ಈಗ ವಕೀಲರ ಆಫೀಸಿಗೂ ಕಾಫಿ ಅಂಗಡಿಯ ಗೋಡೆಗೂ ಅವೇ ಶೋಭೆ. ಹಳೆಯ ಪುಸ್ತಕದಿಂದ ಸ್ಕ್ಯಾನ್ ಮಾಡಿದ ಚಿತ್ರದ ಕಲೆ, ಗೀರು, ಗೆದ್ದಲು ತಿಂದ ತೂತುಗಳನ್ನು ಕಂಪ್ಯೂಟರಿನಲ್ಲಿ ಅಳಿಸಿ ಹೊಸದು ಮಾಡುವುದು ನನ್ನ ಪಾಲಿನ ಕೆಲಸ. ಇಡೀ ದಿನ ಒಬ್ಬನೇ ಕುಳಿತಿರುತ್ತೇನೆ. ಗೋರೆಗಾಂವ್‌ನ ಕೋಣೆಗೆ ಹೋದರೆ ಅಲ್ಲಿಯೂ ಒಬ್ಬನೇ.

ಒಂದು ಚಿತ್ರದಲ್ಲಿ ಸಿಂಹವೂ ಕರಡಿಯೂ ಮೇಜಿನ ಮೇಲೆ ಒಂದು ದೇಶದ ನಕ್ಷೆ ಹರಡಿ ಆಚೆ ಈಚೆ ಎಳೆಯುತ್ತಿದ್ದವು. ಮೇಜಿನ ಕೆಳಗೆ, ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿ, ಬರಿಗಾಲಿನ ಒಬ್ಬ ಹುಡುಗಿ ಮಂಡಿ ತಬ್ಬಿಕೊಂಡು ಕುಳಿತಿದ್ದಳು. ಆ ಜಾಗದಲ್ಲಿ ನೀರಿನ ಕಲೆಯೂ ಇತ್ತು. ಕಲೆ ತೆಗೆದು ಅವಳನ್ನು ಉಳಿಸುವುದೆಂದರೆ ಅರ್ಧ ದಿನದ ಕೆಲಸ. ಯಾರು ನೋಡುತ್ತಾರೆ ಎಂದು ಕಲೆಯ ಜೊತೆಗೆ ಅವಳನ್ನೂ ಅಳಿಸಿದೆ. ನಮ್ಮ ವೆಬ್‌ಸೈಟಿಗೆ ಹೋದದ್ದು ಅವಳಿಲ್ಲದ ಚಿತ್ರ. ಈ ವಿಷಯ ನನ್ನ ಮಾಲೀಕರಾದ ಶೇಟರಿಗೂ ಗೊತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಆ ಚಿತ್ರಕ್ಕೆ ಒಂದು ಆರ್ಡರ್ ಬಂತು. ವಿಳಾಸ ಆಂಟಾಪ್ ಹಿಲ್. ಹೆಸರು ಸುಮತಿ. ಸೂಚನೆಯ ಜಾಗದಲ್ಲಿ, ಕನ್ನಡದಲ್ಲಿ, ಒಂದೇ ಸಾಲು: "ಮೇಜಿನ ಕೆಳಗಿನವಳನ್ನು ಅಳಿಸಬೇಡಿ." ಮೊಬೈಲ್ ನಂಬರಿನ ಜಾಗ ಖಾಲಿ. ಖಾಲಿ ಬಿಟ್ಟರೆ ನಮ್ಮ ಸೈಟು ಆರ್ಡರನ್ನೇ ತೆಗೆದುಕೊಳ್ಳುವುದಿಲ್ಲ. ಶೇಟರಿಗೆ ತೋರಿಸಿದರೆ, "ಕಿಸೀ ನೇ ಮಜಾಕ್ ಕಿಯಾ ಹೋಗಾ", ಯಾರೋ ತಮಾಷೆ ಮಾಡಿರಬೇಕು ಎಂದು ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಸುಮತಿ ನನ್ನ ತಂಗಿಯ ಹೆಸರು.

ಇಲ್ಲಿ ನಾಚಿಕೆ ಬಿಟ್ಟು ಹೇಳಬೇಕು. ಅಮ್ಮ ಹೋದ ಮೇಲೆ ಆಂಟಾಪ್ ಹಿಲ್‌ನ ಅವಳ ಕೋಣೆಗಾಗಿ ಅಣ್ಣನೂ ನಾನೂ ಹಾವು ಮುಂಗುಸಿಯಾದೆವು. ಕೊನೆಗೆ ಕೋಣೆ ಮಾರಿ ಪಾಲು ಮಾಡಿಕೊಂಡೆವು. ಮದುವೆಯಾಗದೆ ಅಮ್ಮನನ್ನು ಕೊನೆಯವರೆಗೆ ನೋಡಿಕೊಂಡ ಸುಮತಿ ಅದೇ ಕೋಣೆಯಲ್ಲಿದ್ದಳು. ನೀನು ಎಲ್ಲಿಗೆ ಹೋಗುತ್ತೀ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ಅವಳು ಅಣ್ಣನ ಮನೆಯಲ್ಲಿದ್ದಾಳೆ ಎಂದು ನಾನು, ನನ್ನ ಜೊತೆ ಇದ್ದಾಳೆ ಎಂದು ಅವನು, ತಿಂಗಳುಗಟ್ಟಲೆ ಅಂದುಕೊಂಡೇ ಇದ್ದೆವು. ಮಾತು ಬಿಟ್ಟವರಿಗೆ ಗೊತ್ತಾಗುವುದಾದರೂ ಹೇಗೆ? ಅವಳು ಇಬ್ಬರಲ್ಲಿಯೂ ಇಲ್ಲವೆಂದು ನೆಂಟರಿಂದ ತಿಳಿದ ಮೇಲೂ ಹುಡುಕಲು ಹೊರಡಲಿಲ್ಲ; ಹೀಗೆ ಒಂಬತ್ತು ವರ್ಷ ಕಳೆದಿತ್ತು.

ಹಳೆಯ ಸ್ಕ್ಯಾನ್ ತೆಗೆದು, ಈ ಸಲ ಮೂರು ದಿನ ಕುಳಿತು, ಹುಡುಗಿಯ ಸುತ್ತಲಿನ ಕಲೆಯನ್ನಷ್ಟೇ ತೆಗೆದೆ. ಆರ್ಡರಿನ ವಿಳಾಸ ನಾವು ಮಾರಿದ ಅದೇ ಕೋಣೆಯದು. ಭಾನುವಾರ ಮಧ್ಯಾಹ್ನ ಚಿತ್ರವನ್ನು ನಾನೇ ಎತ್ತಿಕೊಂಡು ಹೋದೆ. ಬಾಗಿಲು ತೆರೆದವರು ಕೋಣೆ ಕೊಂಡವರ ಮನೆಯ, ವಿಜಯಪುರದ ಕಡೆಯ ಒಬ್ಬ ಅಜ್ಜಿ. ಸುಮತಿ ಎಂದೊಡನೆ ನನ್ನ ಮುಖವನ್ನೇ ನೋಡಿದರು.

"ಅಕಿ ಇಲ್ಲಿ ನಮ್ಮ ಜೋಡಿನ ಇದ್ಲು. ಹೋಗಿ ಎರಡು ವರ್ಷ ಆತ್ರೀ. ನೀವು ದೊಡ್ಡಣ್ಣನೋ, ಸಣ್ಣಣ್ಣನೋ?"

"ಸಣ್ಣವನು" ಎಂದೆ. ಆರ್ಡರಿನ ವಿಷಯ ಹೇಳಿದೆ. ಅವರು ಒಳಗೆ ಹೋಗಿ ಯಾರಿಗೋ ಫೋನ್ ಹಚ್ಚಿದರು. ಪರದೆಯ ಆಚೆಯಿಂದ ಫೋನಿನೊಳಗಿನ ದನಿ ನನಗೂ ಕೇಳಿಸಿತು. ಮಾತು ತಿಳಿಯಲಿಲ್ಲ, ದನಿ ಮಾತ್ರ ಸುಮತಿಯದೇ. ನಾನು ಹೊಸ್ತಿಲಿನ ಮೇಲೆಯೇ ಕುಳಿತುಬಿಟ್ಟೆ.

ಅಜ್ಜಿ ಹೊರಗೆ ಬಂದರು. "ಅಕಿ ಏನೂ ತರಿಸಿಲ್ಲಂತ್ರೀ. ಇಂಥಾ ಪಟ ಐತಿ ಅನ್ನೋದೂ ಗೊತ್ತಿಲ್ಲಂತ."

"ಎಲ್ಲಿದ್ದಾಳೆ, ಅದಾದರೂ ಹೇಳಿ."

"ಇಬ್ಬರೂ ಅಣ್ಣಂದಿರು ಕೂಡಿ ಬಂದ್ರ ಹೇಳ್ರಿ, ಒಬ್ಬರ ಬಂದ್ರ ಚಾ ಕುಡಿಸಿ ಕಳಸ್ರಿ, ಅಂದಾಳ. ನಾ ಏನ್ ಮಾಡ್ಲಿ?"

ಚಿತ್ರವನ್ನು ಅಲ್ಲೇ ಬಿಟ್ಟು, ವಡಾಲಾ ಸ್ಟೇಷನ್ನಿನ ಬೆಂಚಿನಲ್ಲಿ ಕುಳಿತು ಅಣ್ಣನಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಅವನು, "ದನಿ ಹೇಗಿತ್ತು? ಹುಷಾರಿದ್ದಾಳಾ?" ಎಂದ. ಅವನು ಅಳುತ್ತಿದ್ದ. ನಾನೂ ಅಳುತ್ತಿದ್ದೆ.

"ಬರ್ತೇನೆ ಮಾರಾಯ. ಆದರೆ ತಪ್ಪು ನಿನ್ನದು ಅಂತ ಅವಳೆದುರು ಮೊದಲು ನೀನು ಒಪ್ಪಬೇಕು" ಎಂದ ಅಣ್ಣ.

"ನಾನ್ಯಾಕೆ? ಮೊದಲು ನೀನು" ಎಂದುಬಿಟ್ಟೆ. ಫೋನ್ ಕಟ್ಟಾಯಿತು.

ಇದಾಗಿ ನಾಲ್ಕು ವರ್ಷ. ಆ ಆರ್ಡರ್ ಯಾರು ಹಾಕಿದರು, ನಾನು ಅಳಿಸಿದ್ದು ಅವರಿಗೆ ಹೇಗೆ ತಿಳಿಯಿತು ಎಂದು ಇಂದಿಗೂ ನನಗೆ ಗೊತ್ತಿಲ್ಲ. ಅದೇ ಹಳೆಯ ಪುಸ್ತಕ ಇನ್ನೆಲ್ಲೋ ಇರಬಹುದು, ಯಾರೋ ನೋಡಿರಬಹುದು, ಸರಿ. ಆದರೆ ಸುಮತಿಯ ಹೆಸರು? ಆ ವಿಳಾಸ? ಯೋಚಿಸಿ ಯೋಚಿಸಿ ಬಿಟ್ಟಿದ್ದೇನೆ.

ಆಮೇಲೆ ಎರಡು ಸಲ ಆಂಟಾಪ್ ಹಿಲ್‌ಗೆ ಹೋದೆ, ಒಬ್ಬನೇ. ಅಜ್ಜಿ ಬಾಗಿಲು ತೆರೆದು ನನ್ನ ಹಿಂದೆ ಮೆಟ್ಟಿಲಿನ ಕಡೆ ಒಮ್ಮೆ ಇಣುಕಿ ನೋಡಿದರು. ಎರಡು ಸಲವೂ ಚಹಾ ಕೊಟ್ಟು ಕಳಿಸಿದರು.