ಆರೋಗ್ಯವಂತೆಯ ರಕ್ತ

ನಮ್ಮ ಅತ್ತಿಗೆಗೆ ಹಾಲು ಕೊಟ್ಟರೂ ಇದೇಕೆ ಇಷ್ಟು ಬೆಳ್ಳಗಿದೆ ಎಂದು ಕೇಳುವ ಬುದ್ಧಿ. ತರಕಾರಿಯವನ ತಕ್ಕಡಿಯಿಂದ ಹಿಡಿದು ನನ್ನ ತಲೆನೋವಿನವರೆಗೆ ಎಲ್ಲದರ ಮೇಲೂ ಅನುಮಾನ. ಮನೆಯಲ್ಲಿ ಇದು ನಮ್ಮ ಪ್ರಾಣ ತಿನ್ನುತ್ತಿತ್ತು. ಅವಳು ದುಡಿಯುವ ಪ್ರಯೋಗಾಲಯದಲ್ಲಿ ಮಾತ್ರ ಇದಕ್ಕೇ ಸಂಬಳ ಕೊಡುತ್ತಿದ್ದರು.

ರಕ್ತದ ಕೋಶಗಳೊಳಗೆ ಡಿಎನ್‌ಎ ಎಳೆ ಎಷ್ಟು ಹರಿದು ತುಂಡಾಗಿದೆ ಎಂದು ನೋಡುವುದು ಅವಳ ಕೆಲಸ. ಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ತೆಳು ಜೆಲ್ಲಿಯಲ್ಲಿ ಕೂರಿಸಿ, ಹೊದಿಕೆ ಕರಗಿಸಿ, ಕರೆಂಟು ಹಾಯಿಸಬೇಕು. ಗಟ್ಟಿಯಿದ್ದ ಡಿಎನ್‌ಎ ದುಂಡಗೆ ಕೂತಲ್ಲೇ ಕೂರುತ್ತದೆ. ಹರಿದದ್ದು ಹೊರಗೆ ಸರಿದು ಬಾಲದಂತೆ ಕಾಣುತ್ತದೆ. ಸ್ವಲ್ಪ ಬಾಲ ಯಾರಿಗಾದರೂ ಇರಬಹುದು, ಆದ್ದರಿಂದ ಪ್ರತಿ ಸಲವೂ ಪಕ್ಕದಲ್ಲಿ ಆರೋಗ್ಯವಂತರೊಬ್ಬರ ರಕ್ತವಿಟ್ಟು ಹೋಲಿಸುವುದು ಪದ್ಧತಿ. ಆ ರಕ್ತ ಅತ್ತಿಗೆಯದೇ. ಚಟವಿಲ್ಲ, ಕಾಯಿಲೆಯಿಲ್ಲ, ನರ ಸುಲಭವಾಗಿ ಸಿಗುತ್ತದೆ, ಬೆಳಗ್ಗೆ ಎಲ್ಲರಿಗಿಂತ ಮೊದಲು ಹಾಜರು.

ಅಣ್ಣ ಬ್ಯಾಟರಿ ಕಾರ್ಖಾನೆಯಲ್ಲಿ ಸೀಸ ಕರಗಿಸುವವನು. ಸೀಸ ಮೈಗೆ ಸೇರಿದರೆ ಡಿಎನ್‌ಎ ಹರಿಯುತ್ತದೆಂದು ಕೆಲಸಗಾರರ ರಕ್ತ ಇದೇ ಪ್ರಯೋಗಾಲಯಕ್ಕೆ ಬರುತ್ತಿತ್ತು. ಪ್ರತಿ ವರ್ಷ ಒಂದೇ ಉತ್ತರ: ಆರೋಗ್ಯವಂತರಿಗೂ ಇವರಿಗೂ ವ್ಯತ್ಯಾಸವಿಲ್ಲ. ಆದರೆ ಅಣ್ಣನ ಹೊಟ್ಟೆನೋವು ನಿಲ್ಲಲಿಲ್ಲ. ಲೋಟ ಹಿಡಿದರೆ ಕೈ ನಡುಗುತ್ತಿತ್ತು.

"ಕಾರ್ಖಾನೆ ನರ್ಸು ಬೇರೆ ಯಾರದೋ ರಕ್ತ ತುಂಬಿ ಕಳಿಸ್ತಾಳೆ," ಎಂದಳು ಅತ್ತಿಗೆ. ಈ ಸಲ ತಾನೇ ಅಣ್ಣನ ರಕ್ತ ತೆಗೆದು, ಐಸ್ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಉತ್ತರ ಮತ್ತೆ ಅದೇ. ಅವನದಕ್ಕೂ ಬಾಲ, ತನ್ನದಕ್ಕೂ ಬಾಲ, ಉದ್ದವೂ ಹೆಚ್ಚುಕಡಿಮೆ ಒಂದೇ.

ಆಗ ಅತ್ತಿಗೆಯ ಕಣ್ಣು ಪಕ್ಕದ ಮೇಜಿನವಳ ಮೇಲೆ ಬಿತ್ತು. ಜೋರು ಬೆಳಕು ತಗುಲಿದರೂ ಡಿಎನ್‌ಎ ಹರಿಯುತ್ತದೆ, ಅದಕ್ಕೇ ಅಲ್ಲಿ ಮಂದ ದೀಪದಲ್ಲಿ ಕೆಲಸ.

"ನೀನು ದೊಡ್ಡ ಲೈಟ್ ಹಾಕಿದ್ದೀಯ. ಎಲ್ಲಾ ಕೆಡಿಸಿಬಿಟ್ಟೆ."

ಆ ಹುಡುಗಿಗೆ ರೇಗಿತು. "ಅಕ್ಕಾ, ಅಷ್ಟು ಅನುಮಾನ ಇದ್ರೆ ನನ್ನ ರಕ್ತಾನೂ ಅದೇ ಟ್ರೇನಲ್ಲಿ ಹಾಕಿ. ತಪ್ಪು ಲೈಟಿಂದಾದ್ರೆ ನನಗೂ ಬಾಲ ಬರ್ಬೇಕಲ್ವಾ?"

ಹಾಕಿದಳು. ಹುಡುಗಿಯದು ಬಟಾಣಿಯ ಹಾಗೆ ದುಂಡಗಿತ್ತು. ಬಾಲ ಗಂಡಹೆಂಡಿರಿಗೆ ಮಾತ್ರ. ಕೋಶ ಹರಿದದ್ದನ್ನು ತಾನೇ ಹೊಲಿದುಕೊಳ್ಳುತ್ತದೆ, ಆಗ ಬಾಲ ಗಿಡ್ಡವಾಗಬೇಕು. ಉಳಿದ ರಕ್ತವನ್ನು ಕೆಲವು ಗಂಟೆ ಬೆಚ್ಚಗಿಟ್ಟು ಮತ್ತೆ ನೋಡಿದಳು. ಇಬ್ಬರದೂ ಹಾಗೇ ಇತ್ತು.

ಲೋಕವನ್ನೆಲ್ಲ ಅನುಮಾನಿಸಿದವಳು ತನ್ನ ರಕ್ತವನ್ನು ಒಂದು ದಿನವೂ ಅನುಮಾನಿಸಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು.

ರಾತ್ರಿ ಅವಳು ಮನೆಗೆ ಬಂದಾಗ ನಾನು ಅಲ್ಲೇ ಇದ್ದೆ. ಅವಳಿಗಾಗಿ ಕಾದು ರಾತ್ರಿ ಶಿಫ್ಟಿಗೆ ತಡವಾಗಿ ಹೊರಟ ಅಣ್ಣ ಬೂಟು ಕಟ್ಟುತ್ತಿದ್ದ.

"ಏನು ಡಾಕ್ಟ್ರಮ್ಮ, ನಾನು ಪಾಸಾ, ಫೇಲಾ?"

"ನಿಮ್ಮ ಡ್ರೆಸ್ಸು ದಿನಾ ಕೊಡವಿ ಒಗೆಯೋಳು ನಾನು. ಸರಿಯಾಗಿ ಒಗೆಯಲ್ಲ ಅಂತ ಈ ನಾದಿನಿಗೂ ಬಿಟ್ಟವಳಲ್ಲ. ಆ ಸೀಸದ ಧೂಳು ನನ್ನೊಳಗೂ ಹೋಗಿದೆ ಕಣ್ರೀ. ಇಷ್ಟು ವರ್ಷ ನಿಮ್ಮನ್ನ ನನ್ನ ಜೊತೇಲೇ ಹೋಲಿಸಿ, ಏನೂ ಆಗಿಲ್ಲ ಅಂತ ಬರೀತಿದ್ದೆ."

ನನಗೆ ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಅವಳ ಮುಖ ನೋಡಿ ಅಳುವೂ ಬಂತು.

ಅಣ್ಣ ಬೂಟು ಬಿಚ್ಚಿದ. "ಮತ್ತೆ ನಮ್ಮ ಕಾರ್ಖಾನೆ ಹುಡುಗರು? ಅವರೆಲ್ಲ ಪಾಸಾಗಿದ್ದಾರಲ್ಲ?"

"ಅವರನ್ನೂ ನನ್ನ ರಕ್ತದ ಪಕ್ಕದಲ್ಲೇ ಇಟ್ಟು ನೋಡಿದ್ದು."

ಅಣ್ಣ ಗಡಿಯಾರ ನೋಡಿದ. ಅವರೆಲ್ಲ ಆಗಲೇ ಒಳಗೆ ಹೋಗಿ, ಕುಲುಮೆಯ ಮುಂದೆ ನಿಂತಿರುವ ಹೊತ್ತು.